ಕ್ರಿಸ್ಮಸ್ ಸಂಜೆಯ ಕೆಂಪು ಪಾನಕ

ಊರಿನಲ್ಲಿ ವಿಜ್ಞಾನ ಮಾಸ್ಟ್ರು ಎನಿಸಿಕೊಂಡವನಿಗೆ ಬರುವ ಬುಲಾವುಗಳು ಒಂದೆರಡಲ್ಲ. ಪಕ್ಕದ ಮನೆಯ ಫ್ಯೂಸ್ ಹೋದರೆ ಕರೆಯುತ್ತಾರೆ. ಬಾವಿಯ ನೀರು ಕೆಂಪಗೆ ಬಂದರೆ ಬಾಟಲಿಯಲ್ಲಿ ತುಂಬಿಸಿಕೊಂಡು ತೋರಿಸಲು ತರುತ್ತಾರೆ. ಗ್ರಹಣದ ದಿನ ಊಟ ಮಾಡಬಹುದೇ ಎಂದು ಕೇಳಿ, ಧಾರಾಳವಾಗಿ ಮಾಡಿ ಎಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಹೆಸರಿನ ಹಿಂದೆ ಬಿ.ಎಸ್ಸಿ., ಬಿ.ಎಡ್. ಎಂಬ ಬಾಲ ಅಂಟಿಸಿಕೊಂಡ ತಪ್ಪಿಗೆ ಇವನ್ನೆಲ್ಲ ಇಷ್ಟು ವರ್ಷ ನಿಭಾಯಿಸಿಕೊಂಡು ಬಂದಿದ್ದೇನೆ. ಆದರೆ 2022ರ ಡಿಸೆಂಬರಿನಲ್ಲಿ ಒಂದು ಭಾನುವಾರ ನಮ್ಮ ಶಾಲೆಯ ಗಣಿತ ಮಾಸ್ಟ್ರು ಗೇಟು ತೆಗೆದು ಒಳಗೆ ಬಂದು, “ಮಾಸ್ಟ್ರೆ, ಕ್ರಿಸ್ಮಸ್ ಪಾರ್ಟಿಗೆ ನೀವೊಂದು ಕಾಕ್‌ಟೇಲ್ ಮಾಡಿಕೊಡಬೇಕು” ಎಂದಾಗ ಮಾತ್ರ ಬಾಯಿಗೆ ಹಾಕಿಕೊಂಡಿದ್ದ ಅವಲಕ್ಕಿ ಗಂಟಲಲ್ಲೇ ನಿಂತಿತು.

ನಾನು ಕುಡಿಯುವವನಲ್ಲ. ಮದ್ಯಸಾರಕ್ಕೂ ನನಗೂ ಇರುವ ನಂಟು ಪ್ರಯೋಗಶಾಲೆಯ ಸ್ಪಿರಿಟ್ ದೀಪದಷ್ಟೇ. ಅದನ್ನೇ ಹೇಳಿದೆ.

“ಮದ್ಯ ಇಲ್ಲದ್ದು ಮಾರಾಯ್ರೆ” ಎಂದರು. “ಮಗ ದುಬೈಯಿಂದ ರಜೆಯಲ್ಲಿ ಬಂದಿದ್ದಾನೆ. ಅವನದ್ದು ಹೋಟೆಲಿನ ಕೆಲಸ ಅಲ್ವಾ, ವೋಡ್ಕಾ ಹಾಕಿ ಕೆಂಪಗಿನ ಒಂದು ಮಾಡುತ್ತಾನಂತೆ. ನೀವು ಅದೇ ಬಣ್ಣದ್ದು, ಮದ್ಯ ಹಾಕದೆ ಮಾಡಬೇಕು. ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಯಾರಿಗೂ ಗೊತ್ತಾಗಬಾರದು.”

“ಅಂಥ ಗುಟ್ಟು ಎಂತಕ್ಕೆ?”

ಅವರು ಜಗಲಿಯ ಮೇಲೆ ಕುಳಿತು ಸ್ವರ ತಗ್ಗಿಸಿದರು. “ಪಿ.ಟಿ. ಮಾಸ್ಟ್ರನ್ನು ಕರೆಯಬೇಕೆಂದಿದ್ದೇನೆ.”

ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ.

ನಮ್ಮ ಪಿ.ಟಿ. ಮಾಸ್ಟ್ರ ವಿಚಾರ ಎರಡು ಮಾತು ಹೇಳಬೇಕು. ವಾಲಿಬಾಲಿನಲ್ಲಿ ಅವರನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಮಕ್ಕಳಿಗೆ ನಮ್ಮೆಲ್ಲರಿಗಿಂತ ಅವರೇ ಹೆಚ್ಚು ಬೇಕಾದವರು. ಆದರೆ ಸಂಜೆಗೆ ಸೀಮಿತವಾಗಿದ್ದ ಚಟ ಮೆಲ್ಲಗೆ ಬೆಳಿಗ್ಗೆಗೂ ಹಬ್ಬಿತು. ಪ್ರಾರ್ಥನೆಯ ಸಾಲಿನ ಎದುರು ನಿಂತು ‘ಸಾವಧಾನ್’ ಎನ್ನುವಾಗಲೇ ಮೊದಲ ಸಾಲಿನ ಮಕ್ಕಳಿಗೆ ವಾಸನೆ ತಿಳಿಯುತ್ತಿತ್ತು. ಸಂಬಳ ಬೀಳುವ ದಿನ ಅವರ ಹೆಂಡತಿ ಬ್ಯಾಂಕಿನ ಬಾಗಿಲಲ್ಲಿ ಕಾದು ನಿಲ್ಲುವುದನ್ನು ನಾವೆಲ್ಲ ನೋಡಿದ್ದೆವು, ನೋಡಿ ಬೇರೆ ಕಡೆ ತಿರುಗಿದ್ದೆವು. ಕೊನೆಗೆ 2022ರ ಫೆಬ್ರವರಿಯಲ್ಲಿ ಅವರಾಗಿಯೇ ಮದ್ಯವರ್ಜನ ಶಿಬಿರಕ್ಕೆ ಸೇರಿದರು. ಅಲ್ಲಿಂದ ಬಂದವರು ಹನಿ ಮುಟ್ಟಿರಲಿಲ್ಲ. ಜೊತೆಗೆ ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಯಾವುದಕ್ಕೂ ಹೋಗುತ್ತಿರಲಿಲ್ಲ.

“ಕುಡಿಯಲು ಆಸೆ ಆಗುತ್ತದೆ ಎಂದಲ್ಲವಂತೆ” ಎಂದರು ಗಣಿತ ಮಾಸ್ಟ್ರು. “ಹೋದಲ್ಲೆಲ್ಲ ಜನ ಅವರ ಕೈಯಲ್ಲಿರುವ ಗ್ಲಾಸನ್ನೇ ನೋಡುತ್ತಾರಂತೆ. ‘ಏನು ಮಾಸ್ಟ್ರೆ, ಬರೀ ಜ್ಯೂಸಾ?’ ಅಂತ ಒಬ್ಬ. ‘ಇವತ್ತು ಒಂದು ದಿನಕ್ಕೆ ಏನಾಗುತ್ತದೆ’ ಅಂತ ಇನ್ನೊಬ್ಬ. ನಮ್ಮ ಮನೆಯಲ್ಲಾದರೂ ಹಾಗೆ ಆಗಬಾರದು.”

ಆಗಲಿ, ಮಾಡುತ್ತೇನೆ ಎಂದೆ. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

2019ರಲ್ಲಿ ಹತ್ತನೇ ತರಗತಿಗೆ ಕಾರ್ಬನ್ನಿನ ಸಂಯುಕ್ತಗಳ ಪಾಠ ಮಾಡುತ್ತಿದ್ದೆ. ಎಥನಾಲಿನ ವಿಷಯ ಬಂದಾಗ ಪ್ರತಿವರ್ಷ ಮಾಡುವ ಪ್ರಯೋಗವೊಂದಿದೆ. ಪ್ರನಾಳದಲ್ಲಿ ಮೊಟ್ಟೆಯ ಬಿಳಿಭಾಗ ತೆಗೆದುಕೊಂಡು ಸ್ಪಿರಿಟ್ ಹಾಕಿದರೆ, ಬೆಂಕಿಯ ಸುಳಿವೇ ಇಲ್ಲದೆ ಅದು ಬೆಂದಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಪ್ರೋಟೀನಿನ ರಚನೆ ಕೆಡುವುದರಿಂದ ಹೀಗಾಗುತ್ತದೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ, “ಪಿ.ಟಿ. ಸರ್ ಹೊಟ್ಟೆಯಲ್ಲೂ ಹೀಗೇನಾ ಸರ್?” ಎಂದ. ತರಗತಿ ಗೊಳ್ಳೆಂದಿತು. ಅವನನ್ನು ಎಬ್ಬಿಸಿ ನಿಲ್ಲಿಸಬೇಕಿತ್ತು. ಬದಲಿಗೆ ನಾನೂ ನಕ್ಕೆ. ಸಾಲದೆಂಬಂತೆ, “ಅವರದ್ದು ಆಗಲೇ ಆಮ್ಲೆಟ್ ಆಗಿರಬೇಕು” ಎಂದೆ.

ನಗು ನಿಲ್ಲುವ ಮೊದಲೇ ಕಿಟಕಿಯ ಕಡೆ ನೋಡಿದರೆ ಜಗಲಿಯಲ್ಲಿ ಪಿ.ಟಿ. ಮಾಸ್ಟ್ರು ನಿಂತಿದ್ದರು. ಕೊರಳಲ್ಲಿ ಸೀಟಿ. “ನೆಟ್ ಕಟ್ಟಲು ಇಬ್ಬರು ಹುಡುಗರು ಬೇಕಿತ್ತು ಮಾಸ್ಟ್ರೆ” ಎಂದರು. ಇಬ್ಬರನ್ನು ಕಳುಹಿಸಿದೆ. ಅವರು ಹೋದರು. ನನ್ನ ಮಾತು ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಮೂರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕುಳಿತು ಚಹಾ ಕುಡಿದೆವು.

ಸರಿ, ಕಾಕ್‌ಟೇಲಿಗೆ ಬರೋಣ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೊದಲು ಪುಸ್ತಕ ತೆರೆಯಿತು. ಕಾಕ್‌ಟೇಲ್ ಎಂದರೇನು ಎಂದು 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದಕ್ಕೆ ಓದುಗನೊಬ್ಬ ಪತ್ರ ಬರೆದು ಕೇಳಿದ್ದ. ಯಾವುದಾದರೂ ಮದ್ಯ, ಸಕ್ಕರೆ, ನೀರು ಮತ್ತು ಕಹಿದ್ರವ ಸೇರಿದ ಪಾನೀಯ ಎಂದು ಸಂಪಾದಕರು ಉತ್ತರ ಕೊಟ್ಟರು. ಓದುಗರ ಪ್ರಶ್ನೆಗೆ ಪತ್ರಿಕೆಯವರು ಉತ್ತರಿಸುವ ಪದ್ಧತಿ ಇಂದು ನಿನ್ನೆಯದಲ್ಲ, ನೋಡಿ. ಕೆಂಪು ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. ಇಟಲಿಯಲ್ಲಿ 1860ರಿಂದ ತಯಾರಾಗುವ ಕಂಪಾರಿ ಎಂಬ ಕಡುಗೆಂಪು ಕಹಿಮದ್ಯಕ್ಕೆ ಬಹುಕಾಲ ಬಣ್ಣ ಬರುತ್ತಿದ್ದುದು ಕಳ್ಳಿಗಿಡದ ಮೇಲೆ ಬೆಳೆಯುವ ಒಂದು ಪುಟ್ಟ ಕೀಟದಿಂದ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, “ನಮ್ಮ ಅಡುಗೆಮನೆಗೆ ಹುಳ ತರುವುದು ಬೇಡ” ಎಂದು ಮೊದಲೇ ಅಪ್ಪಣೆ ಮಾಡಿದಳು.

ಹೆಚ್ಚು ಖುಷಿ ಕೊಟ್ಟದ್ದು ‘ಪಂಚ್’ ಎಂಬ ಶಬ್ದ. ದೊಡ್ಡ ಬೋಗುಣಿಯಲ್ಲಿ ಕಲಸಿಟ್ಟು ಹತ್ತಾರು ಜನರಿಗೆ ಸೌಟಿನಿಂದ ಹಾಕಿಕೊಡುವ ಈ ಪಾನೀಯ ಇಂಡಿಯಾದ ಕಡೆ ಬಂದ ಇಂಗ್ಲಿಷ್ ನಾವಿಕರಿಂದ ಹದಿನೇಳನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. ಹೆಸರು ನಮ್ಮ ‘ಪಂಚ’ದಿಂದಲೇ ಬಂದಿರಬೇಕೆಂದು ನಿಘಂಟುಗಳು ಸೂಚಿಸುತ್ತವೆ. ಸಾರಾಯಿ, ಸಕ್ಕರೆ, ಲಿಂಬೆ, ನೀರು, ಮಸಾಲೆ ಎಂಬ ಐದು ವಸ್ತುಗಳು ಅದರಲ್ಲಿರುತ್ತಿದ್ದವು. ಇದರಿಂದ ಸಾರಾಯಿ ತೆಗೆದು ಸಕ್ಕರೆಯ ಜಾಗದಲ್ಲಿ ಬೆಲ್ಲ ಹಾಕಿ, ಏಲಕ್ಕಿ ಶುಂಠಿ ಕುಟ್ಟಿ ಬೆರೆಸಿದರೆ ಏನಾಯಿತು? ರಾಮನವಮಿಯ ಪಾನಕ! ಅಂದಮೇಲೆ ಮದ್ಯವಿಲ್ಲದ ಪಂಚ್ ಮಾಡಲು ನಮಗೆ ದುಬೈಯಿಂದ ಯಾರೂ ಬಂದು ಕಲಿಸಬೇಕಾಗಿಲ್ಲ.

ಬಣ್ಣಕ್ಕೆ ಮೊದಲು ಹೊಳೆದದ್ದು ಬೀಟ್‌ರೂಟ್. ಬಣ್ಣವೇನೋ ರೇಷ್ಮೆ ಸೀರೆಯ ಅಂಚಿನಂತೆ ಬಂತು. ಆದರೆ ಬೀಟ್‌ರೂಟಿಗೆ ಮಣ್ಣಿನ ವಾಸನೆ ಹುಟ್ಟುಗುಣ. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳದಲ್ಲಿರುವ ಜಿಯೋಸ್ಮಿನ್ ಎಂಬ ವಸ್ತುವೇ ಇದರಲ್ಲೂ ಇದೆ. ಮಳೆಯಲ್ಲಿ ಹಿತವಾದದ್ದು ಲೋಟದಲ್ಲಿ ಹಿತವಾಗಲಿಲ್ಲ. ವಾಸನೆ ಹೋಗಲೆಂದು ಚೆನ್ನಾಗಿ ಕುದಿಸಿದರೆ ಬಣ್ಣವೇ ಮಂಕಾಯಿತು.

ಆಗ ಕಣ್ಣಿಗೆ ಬಿದ್ದದ್ದು ಭರಣಿಯಲ್ಲಿದ್ದ ಪುನರ್ಪುಳಿ ಸಿಪ್ಪೆ. ಘಟ್ಟದ ಮೇಲಿನವರು ಮುರುಗಲು ಎನ್ನುವ, ನಮ್ಮ ಕಡೆ ಬೇಸಿಗೆಯಲ್ಲಿ ಮನೆಮನೆಯಲ್ಲೂ ಶರಬತ್ತಾಗುವ ಹಣ್ಣು. ಬಿಸಿನೀರಿಗೆ ಹಾಕಿ ಎರಡು ಗಂಟೆ ಬಿಟ್ಟರೆ ಮಾಣಿಕ್ಯದ ಬಣ್ಣ. ನೋಡಿದವರು ದ್ರಾಕ್ಷಾರಸವೆಂದೇ ಹೇಳಬೇಕು. ಇನ್ನು ನೊರೆಗುಳ್ಳೆ ಬರಬೇಕಲ್ಲ. ಪೇಟೆಗೆ ಹೋಗಿ ಸೋಡಾ ತರುವ ಸೋಮಾರಿತನಕ್ಕೆ, ಹುಳಿಗೆ ಅಡುಗೆ ಸೋಡಾ ಹಾಕಿದರೆ ಇಂಗಾಲದ ಡೈಆಕ್ಸೈಡ್ ತಾನಾಗಿ ಬರುತ್ತದೆ ಎಂದು ಪಾಠ ಒಪ್ಪಿಸಿಕೊಂಡು ಎರಡು ಚಮಚ ಸುರಿದೆ. ಬುಸ್ಸೆಂದು ನೊರೆ ಉಕ್ಕಿತು. ನೊರೆ ಇಳಿದ ಮೇಲೆ ನೋಡಿದರೆ ಕೆಂಪು ಮಾಯ! ನೀಲಿಯೂ ಅಲ್ಲ, ಬೂದಿಯೂ ಅಲ್ಲ, ಅಂಥ ಒಂದು ಬಣ್ಣ.

“ಎಂತದ್ದು ಇದು? ಪಾತ್ರೆ ತೊಳೆದ ನೀರಿನ ಹಾಗೆ!” ಎಂದಳು ಹೆಂಡತಿ.

ನನಗೆ ನಾಚಿಕೆಯಾಯಿತು. ಪುನರ್ಪುಳಿಯ ಬಣ್ಣ ಆಂಥೋಸಯಾನಿನ್ ಎಂಬ ವರ್ಗಕ್ಕೆ ಸೇರಿದ್ದು. ಆಮ್ಲದಲ್ಲಿ ಕೆಂಪು, ಕ್ಷಾರ ಹೆಚ್ಚಿದಂತೆ ನೀಲಿಯ ಕಡೆಗೆ ವಾಲುತ್ತದೆ. ದಾಸವಾಳದ ಹೂವನ್ನೂ ಕೆಂಪು ಎಲೆಕೋಸನ್ನೂ ನೈಸರ್ಗಿಕ ಸೂಚಕಗಳೆಂದು ಪ್ರತಿವರ್ಷ ಮಕ್ಕಳಿಗೆ ತೋರಿಸುವವನು ನಾನೇ. ಸ್ವಂತ ಅಡುಗೆಮನೆಯಲ್ಲಿ ಮರೆತೆ. ಲಿಂಬೆಹುಳಿ ಹಿಂಡಿದೊಡನೆ ಕೆಂಪು ಮತ್ತೆ ಮೆಲ್ಲಗೆ ಬಂತೆನ್ನಿ. ರುಚಿ ಮಾತ್ರ ಬರಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ನಮ್ಮ ಯೋಜನೆಯನ್ನು ಹೆಂಡತಿಗೆ ವಿವರಿಸಿದೆ. ಎರಡು ಬೋಗುಣಿ, ಒಂದೇ ಬಣ್ಣ, ಒಂದೇ ಬಗೆಯ ಗ್ಲಾಸು. ಮದ್ಯವಿಲ್ಲದ ಗ್ಲಾಸಿನ ತಳಕ್ಕೆ ಸಣ್ಣ ಚುಕ್ಕೆಯ ಸ್ಟಿಕ್ಕರ್. ಯಾರಿಗೂ ಗುಟ್ಟು ತಿಳಿಯುವುದಿಲ್ಲ. ಅವಳು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: “ಕರೆಂಟು ಹೋದಾಗಲೋ, ಮಾತಿನ ಗಡಿಬಿಡಿಯಲ್ಲೋ ಅವರು ಪಕ್ಕದ ಗ್ಲಾಸು ಎತ್ತಿಕೊಂಡರೆ? ಇಷ್ಟು ತಿಂಗಳು ಕಷ್ಟಪಟ್ಟದ್ದು ನಿಮ್ಮ ಒಂದು ಚುಕ್ಕೆಯ ಮೇಲೆ ನಿಲ್ಲಬೇಕಾ?”

ನನ್ನಲ್ಲಿ ಉತ್ತರವಿರಲಿಲ್ಲ. ಪ್ರಯೋಗಶಾಲೆಯಲ್ಲಿ ಎರಡು ಬಣ್ಣವಿಲ್ಲದ ದ್ರವಗಳನ್ನು ಚೀಟಿ ಅಂಟಿಸದೆ ಅಕ್ಕಪಕ್ಕ ಇಟ್ಟದ್ದಕ್ಕೆ ಅಟೆಂಡರನನ್ನು ಬೈದವನು ನಾನು. ಈಗ ಮನುಷ್ಯರ ನಡುವೆ ಅದನ್ನೇ ಬೇಕೆಂದು ಮಾಡಲು ಹೊರಟಿದ್ದೆ. ಅವರನ್ನು ಜನರ ಕಣ್ಣಿಂದ ಮರೆಮಾಡುವ ಉಪಾಯದ ಗುಂಗಿನಲ್ಲಿ ಅವರ ಅಪಾಯವೇ ನನಗೆ ಕಂಡಿರಲಿಲ್ಲ.

ಮರುದಿನ ಗಣಿತ ಮಾಸ್ಟ್ರ ಮನೆಗೆ ಹೋಗಿ ಹೇಳಿದೆ. ಅವರು ಮಗನ ಮುಖ ನೋಡಿದರು. ಹುಡುಗ ದುಬೈಯಿಂದ ಹೊಳೆಯುವ ಶೇಕರ್ ತಂದಿಟ್ಟುಕೊಂಡಿದ್ದ. ಬೇಸರಪಟ್ಟುಕೊಳ್ಳುತ್ತಾನೆಂದು ನಾನು ಅಳುಕಿದ್ದೆ. ಅವನು, “ಹಾಗಾದರೆ ಆ ಸಂಜೆ ಒಂದೇ ಬೋಗುಣಿ ಇರಲಿ ಅಂಕಲ್. ವೈನ್ ಮನೆಯವರಿಗೆ ಹಬ್ಬದ ಊಟಕ್ಕೆ ಹೇಗೂ ಇದೆಯಲ್ಲ. ಶೇಕರ್‌ಗೆ ನಿಮ್ಮ ಪುನರ್ಪುಳಿಯೂ ಆಗುತ್ತದೆ” ಎಂದ. ಲೆಕ್ಕ ಎಷ್ಟು ಸುಲಭವಾಗಿ ಬಿಡಿಸಿತು! ಎಲ್ಲರದ್ದೂ ಒಂದೇ ಆದಮೇಲೆ ಯಾರು ಏನು ಕುಡಿಯುತ್ತಾರೆಂದು ನೋಡುವುದು ಯಾಕೆ?

ಓದುಗರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ನಮ್ಮ ಲೆಕ್ಕವನ್ನು ಕೊಡುತ್ತೇನೆ. ಇಪ್ಪತ್ತೈದು ಜನಕ್ಕೆ ಸಾಕು. ಕಾಲು ಕಿಲೋ ಒಣ ಪುನರ್ಪುಳಿ ಸಿಪ್ಪೆಯನ್ನು ಒಂದೂವರೆ ಲೀಟರ್ ಬಿಸಿನೀರಿನಲ್ಲಿ ಮೂರ್ನಾಲ್ಕು ಗಂಟೆ ನೆನೆಸಿ, ಕಿವುಚಿ, ಸೋಸಿಕೊಳ್ಳುವುದು. ಪಾತ್ರೆ ಸ್ಟೀಲಿನದೋ ಗಾಜಿನದೋ ಇರಲಿ, ಹುಳಿಗೆ ಅಲ್ಯುಮಿನಿಯಂ ಬೇಡ. ಮುಕ್ಕಾಲು ಕಿಲೋ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸುವಾಗ ಜಜ್ಜಿದ ಹಸಿಶುಂಠಿ, ಹತ್ತು ಲವಂಗ, ಬೆರಳುದ್ದ ದಾಲ್ಚಿನ್ನಿ ಹಾಕಿ ಕುದಿಸಿ ಸೋಸಿ ತಣಿಸುವುದು. ಎರಡನ್ನೂ ಬೆರೆಸಿ, ಆರು ಲಿಂಬೆಯ ರಸ, ಒಂದು ಚಮಚ ಉಪ್ಪು ಸೇರಿಸಿ ಫ್ರಿಜ್ಜಿನಲ್ಲಿಡುವುದು. ಮೂರು ಲೀಟರ್ ಸೋಡಾವನ್ನೂ ಚೆನ್ನಾಗಿ ತಣ್ಣಗೆ ಮಾಡಿ, ಅತಿಥಿಗಳು ಬಂದ ಮೇಲೆಯೇ ಬೋಗುಣಿಯ ಬದಿಯಿಂದ ನಿಧಾನವಾಗಿ ಇಳಿಸುವುದು. ಅನಿಲ ತಣ್ಣೀರಿನಲ್ಲಿ ಹೆಚ್ಚು ಕರಗಿ ನಿಲ್ಲುತ್ತದೆ, ಬೆಚ್ಚಗಾದರೆ ಹಾರಿಹೋಗುತ್ತದೆ. ಹೀಗೆ ನೀರಿಗೆ ಅನಿಲ ಬೆರೆಸುವುದನ್ನು ಕಂಡುಹಿಡಿದವನು ಆಮ್ಲಜನಕದ ಶೋಧಕರಲ್ಲಿ ಒಬ್ಬನಾದ ಜೋಸೆಫ್ ಪ್ರೀಸ್ಟ್ಲಿ. 1767ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಅವನ ಮನೆಯ ಪಕ್ಕ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುದುಗುವ ತೊಟ್ಟಿಗಳ ಮೇಲೆ ನಿಂತ ಅನಿಲವನ್ನು ನೀರಿಗೆ ಸೇರಿಸಿ ನೋಡಿ ಅವನು ಸೋಡಾ ಮಾಡಿದ. ಮದ್ಯದ ಮನೆಯಿಂದ ಮದ್ಯವನ್ನು ಬಿಟ್ಟು ಗುಳ್ಳೆಯನ್ನಷ್ಟೇ ಎತ್ತಿಕೊಂಡು ಬಂದ ಪುಣ್ಯಾತ್ಮ!

ಡಿಸೆಂಬರ್ 26ರ ಸಂಜೆ. ಗಣಿತ ಮಾಸ್ಟ್ರ ಮನೆಯ ಅಂಗಳದಲ್ಲಿ ಗೋದಲಿ, ಮಾವಿನ ಮರದಲ್ಲಿ ನಕ್ಷತ್ರದ ದೀಪ. ಮೇಜಿನ ಮೇಲೆ ಕುಸ್ವಾರ್ ತಟ್ಟೆಗಳು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕಿ, ಕೇಕು. ನಡುವೆ ಗಾಜಿನ ದೊಡ್ಡ ಬೋಗುಣಿಯಲ್ಲಿ ನನ್ನ ಕೆಂಪು ಪಾನಕ. ಹುಡುಗ ತನ್ನ ವಿದ್ಯೆ ತೋರಿಸಿದ್ದ. ಗ್ಲಾಸಿನ ಅಂಚಿಗೆ ಲಿಂಬೆ ಸವರಿ ಸಕ್ಕರೆಯಲ್ಲಿ ಅದ್ದಿದ್ದ. ನಾನು ನನ್ನದನ್ನು ತೋರಿಸಿದೆ. ಪ್ರತಿ ಗ್ಲಾಸಿಗೆ ನಾಲ್ಕು ಒಣದ್ರಾಕ್ಷಿ ಹಾಕಿದೆ. ಗುಳ್ಳೆ ಅಂಟಿಕೊಂಡು ಮೇಲೇರುವುದು, ಮೇಲೆ ಗುಳ್ಳೆ ಒಡೆದೊಡನೆ ಕೆಳಗಿಳಿಯುವುದು. ಮಕ್ಕಳು ಕುಡಿಯುವುದನ್ನೇ ಮರೆತು ನೋಡುತ್ತ ಕುಳಿತರು.

ಪಿ.ಟಿ. ಮಾಸ್ಟ್ರು ಬಂದಾಗ ಏಳೂವರೆ. ಹೆಂಡತಿಯೂ ಜೊತೆಗಿದ್ದರು. ಬಾಗಿಲಲ್ಲಿ ನಿಂತು ಅವರು ನೋಡಿದ್ದು ಗೋದಲಿಯನ್ನಲ್ಲ, ಎಲ್ಲರ ಕೈಗಳನ್ನು. ಹೆಡ್‌ಮಾಸ್ಟ್ರ ಕೈಯಲ್ಲಿ ಕೆಂಪು, ಕ್ಲಾರ್ಕಿನ ಕೈಯಲ್ಲಿ ಕೆಂಪು, ಗಣಿತ ಮಾಸ್ಟ್ರ ತೊಂಬತ್ತು ದಾಟಿದ ತಾಯಿಯ ಕೈಯಲ್ಲೂ ಕೆಂಪು. ಅವರ ಮುಖ ಬಿಗಿಯಿತು. ಹೆಂಡತಿ ಅವರ ತೋಳು ಹಿಡಿದರು. ಆಗ ಗಣಿತ ಮಾಸ್ಟ್ರು ಎಲ್ಲರಿಗೂ ಕೇಳುವಂತೆ, “ಬನ್ನಿ ಬನ್ನಿ, ನಮ್ಮ ವಿಜ್ಞಾನ ಮಾಸ್ಟ್ರು ಪುನರ್ಪುಳಿ ಶರಬತ್ತಿಗೆ ಕೋಟು ಹಾಕಿಸಿ ತಂದಿದ್ದಾರೆ, ಬೇರೆ ಎಂತದ್ದೂ ಇಲ್ಲ” ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು.

ಗ್ಲಾಸನ್ನು ನಾನೇ ಕೊಟ್ಟೆ. ಅವರು ಮೊದಲು ಮೂಸಿ ನೋಡಿದರು. ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದರು. ದ್ರಾಕ್ಷಿ ಏರಿಳಿಯುವುದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದರು: “ಮಾಸ್ಟ್ರೆ, ಇದಕ್ಕೆ ಮೊಟ್ಟೆ ಹಾಕಿದರೆ ಏನಾಗುತ್ತದೆ?”

ನನ್ನ ಕೈಯ ಸೌಟು ಬೋಗುಣಿಗೆ ತಾಗಿ ಸದ್ದಾಯಿತು. ಏನೂ ಆಗುವುದಿಲ್ಲ ಎಂದುಬಿಡಬಹುದಿತ್ತು. ಆದರೆ ಅದು ಸುಳ್ಳು. “ಹುಳಿಗೂ ಸ್ವಲ್ಪ ಬೆಳ್ಳಗಾಗುತ್ತದೆ” ಎಂದೆ. ಎಂಥ ಹೊತ್ತಿನಲ್ಲಿ ಎಂಥ ಉತ್ತರ! ನಾಲಿಗೆಗೆ ಅಷ್ಟೇ ಅಭ್ಯಾಸ. ಆಮೇಲೆ, “ಆವತ್ತು ನಿಮಗೆ ಕೇಳಿಸಿತ್ತಾ?” ಎಂದೆ.

“ಕೇಳಿಸಿತ್ತು. ನೆಟ್ ಕಟ್ಟುವಾಗ ಆ ಇಬ್ಬರು ಹುಡುಗರೂ ನನ್ನ ಮುಖ ನೋಡಲಿಲ್ಲ.”

“ತಪ್ಪಾಯಿತು ಮಾಸ್ಟ್ರೆ” ಎಂದೆ. ಮೂರು ವರ್ಷದಿಂದ ಹೇಳಬೇಕಾಗಿದ್ದ ಮಾತು ಹೇಳಿ ಮುಗಿಯಲು ಮೂರು ಕ್ಷಣವೂ ಹಿಡಿಯಲಿಲ್ಲ. ಅವರು ಪರವಾಗಿಲ್ಲ ಎನ್ನಲಿಲ್ಲ. ಗ್ಲಾಸು ಖಾಲಿ ಮಾಡಿ ಮುಂದೆ ಹಿಡಿದು, “ಇನ್ನೊಂದು ಹಾಕಿ. ಶುಂಠಿ ಸ್ವಲ್ಪ ಜಾಸ್ತಿ ಆಗಿದೆ” ಎಂದರು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಮರುವರ್ಷ ಆಟಿ ತಿಂಗಳ ಮಳೆಯಲ್ಲಿ ಅವರು ಒಮ್ಮೆ ಜಾರಿದರು. ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಗಣಿತ ಮಾಸ್ಟ್ರೂ ನಾನೂ ಹೋಗಿ ಅವರ ಜಗಲಿಯಲ್ಲಿ ಸುಮ್ಮನೆ ಕುಳಿತೆವು. ನಾನು ಯಕೃತ್ತಿನ ಪಾಠ ಮಾಡಲಿಲ್ಲ. ಅವರು ಮತ್ತೆ ಒಂದರಿಂದ ದಿನ ಎಣಿಸತೊಡಗಿದರು. ಈಗಲೂ ಎಣಿಸುತ್ತಿದ್ದಾರೆ. ಪಾನಕ ಯಾರ ಚಟವನ್ನೂ ಬಿಡಿಸುವುದಿಲ್ಲವೆಂಬುದು ವಿಜ್ಞಾನ ಓದಿದ ನನಗೆ ಗೊತ್ತಿದೆ. ಬಂದವರಿಗೆ ಕುಳಿತುಕೊಳ್ಳಲು ಒಂದು ಜಾಗ ಮಾಡಿಕೊಡುತ್ತದೆ, ಅಷ್ಟೆ.

ಪುನರ್ಪುಳಿ ಹಣ್ಣಾಗುವುದು ಬೇಸಿಗೆಯ ಕೊನೆಗೆ. ಮಳೆ ಹಿಡಿಯುವ ಮೊದಲು ಬೀಜ ತೆಗೆದು ಸಿಪ್ಪೆ ಒಣಗಿಸಿಕೊಳ್ಳಬೇಕು. ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಗೇಟಿನ ಹೊರಗೆ ಸೀಟಿ ಊದಿದ ಸದ್ದಾಯಿತು. ಹೋಗಿ ನೋಡಿದರೆ ಪಿ.ಟಿ. ಮಾಸ್ಟ್ರು. ಸ್ಕೂಟರಿನ ಮುಂದೆ ಒಂದು ಚೀಲ ತುಂಬ ಕೆಂಪು ಹಣ್ಣು.

“ನಮ್ಮ ಹಿತ್ತಲಿನದ್ದು. ಬಿಸಿಲು ಇರುವಾಗಲೇ ಒಣಗಿಸಿ ಇಡಿ” ಎಂದರು. “ಡಿಸೆಂಬರಿಗೆ ಬೇಕಲ್ಲ ಮಾಸ್ಟ್ರೆ.”